ಸರಿಯಾಗಿ ಊದದವನು

"ಉಸಿರು ಎಳ್ಕೊಳ್ಳಿ. ಇನ್ನೂ, ಇನ್ನೂ, ಇನ್ನೂ... ಹಾಂ, ಊದಿ! ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಒಳಗೆ ಇನ್ನೂ ಇದೆ, ಊದಿ!"

ಶ್ವಾಸಕೋಶದ ಆಸ್ಪತ್ರೆಯ ಮೊದಲ ಮಹಡಿಯಿಂದ ದಿನವಿಡೀ ಈ ಕೂಗು ಕೇಳಿಬರುತ್ತಿತ್ತು. ಹೀಗೆ ಕೂಗುವ ಟೆಕ್ನಿಷಿಯನ್ ಹುಡುಗಿಗೆ ಕೆಳಗಿನ ಔಷಧದ ಅಂಗಡಿಯವನು ಊದಮ್ಮ ಎಂದು ಹೆಸರಿಟ್ಟಿದ್ದ. ಆ ಹೆಸರು ಮೆಟ್ಟಿಲು ಹತ್ತಿ ಮೇಲೂ ಬಂದು, ಈಗ ಡಾಕ್ಟರಮ್ಮನೇ ಹಾಗೆ ಕರೆಯುತ್ತಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಕೂಗದೆ ಇದ್ದರೆ ಯಾರೂ ಊದುವುದಿಲ್ಲ. ಅರ್ಧ ಉಸಿರು ಬಿಟ್ಟು "ಆಯ್ತಾ ಮೇಡಂ?" ಎಂದು ಎದ್ದು ನಿಲ್ಲುತ್ತಾರೆ.

ಕೆಲಸ ಇಷ್ಟೆ. ಬಂದವರ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಂದೇ ದಮ್ಮಿಗೆ ಊದಿಸುವುದು. ಊದಿದ್ದು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಗಟ್ಟಿಮುಟ್ಟಾದವನ ಗೆರೆ ಕಡಿದಾಗಿ ಹತ್ತಿ ನೇರ ಇಳಿಜಾರಿನಂತೆ ಇಳಿಯುತ್ತದೆ. ಶ್ವಾಸನಾಳ ಬಿಗಿದುಕೊಂಡವನ ಗೆರೆ ಇಳಿಯುವಾಗ ನಡುವೆ ಜೋತುಬೀಳುತ್ತದೆ, ಬಟ್ಟೆ ಒಣಹಾಕಿದ ಹಳೇ ಹಗ್ಗದಂತೆ. ಪ್ರತಿಯೊಬ್ಬರೂ ಮೂರು ಸಲ ಊದಬೇಕು. ಮೂರು ಗೆರೆಗಳು ಒಂದರ ಮೇಲೊಂದು ಕೂತರೆ ಪರೀಕ್ಷೆ ಸರಿ. ಕೂರದಿದ್ದರೆ ಊದಿದವನು ಮೈಗಳ್ಳ.

ಆ ದಿನ ಬಟ್ಟೆ ಒಗೆಯುವ ಪುಡಿ ಮಾಡುವ ಕಾರ್ಖಾನೆಯವರು ಬಂದಿದ್ದರು. ವರ್ಷಕ್ಕೊಮ್ಮೆ ಅವರ ಪರೀಕ್ಷೆ. ಸಾಲಿನ ಕೊನೆಯಲ್ಲಿ ನಿಂತಿದ್ದವನು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಕ್ಲಿಪ್ ಹಾಕಿಸಿಕೊಂಡ ಕೂಡಲೇ ಬಾತುಕೋಳಿಯ ದನಿಯಲ್ಲಿ ಕೇಳಿದ:

"ಮೇಡಂ, ಹಿಂಗೇ ಫೋಟೋ ತೆಗೀತೀರಾ?"

"ಮಾತಾಡ್ಬೇಡಿ. ಊದಿ."

ಊದಿದ. ಪರದೆಯ ಮೇಲೆ ಒಂದು ಗುಬ್ಬಚ್ಚಿಯಷ್ಟು ಗೆರೆ ಎದ್ದು ಬಿತ್ತು.

"ಏನ್ರೀ ಇದು? ಕಾಫಿ ಆರಿಸ್ತಾ ಇದೀರಾ?"

"ನೀವು ಕೂಗಿದ್ರೆ ನಗು ಬರತ್ತೆ ಮೇಡಂ."

"ನಗು ಬಂದ್ರೆ ಹೊರಗೆ ಹೋಗಿ ನಕ್ಕು ಬನ್ನಿ. ಇಲ್ಲಿ ಗಾಳಿ ಬೇಕು ನಂಗೆ."

ಅವನು ನಿಜವಾಗಿಯೂ ಎದ್ದು ಹೊರಗೆ ಹೋದ. ಕಾರಿಡಾರಿನಲ್ಲಿ ನಕ್ಕ. ಒಳಗೆ ಬಂದು ಸಭ್ಯನಂತೆ ಕೂತ. ಮತ್ತೆ ಎರಡು ಸಲ ಊದಿದ. ಒಂದು ಗೆರೆ ಗುಡ್ಡದ ಹಾಗಿತ್ತು, ಇನ್ನೊಂದು ಒಂಟೆಯ ಬೆನ್ನಿನ ಹಾಗೆ.

ಅವನು ಮೆಟ್ಟಿಲಿಳಿದು ಹೋಗುವಾಗ ಸಿಳ್ಳೆ ಕೇಳಿಸಿತು. ಮೊದಲ ಮಹಡಿಯಲ್ಲಿ ಶುರುವಾದ ಸಿಳ್ಳೆ ಗೇಟು ದಾಟುವ ತನಕ ಒಂದೇ ಉಸಿರಿನಲ್ಲಿ ನಡೆಯಿತು. ಅವಳು ಕಿಟಕಿಯ ಹತ್ತಿರ ನಿಂತು ಕೇಳಿದಳು. ಈ ಎದೆಗೆ ಏನೂ ಆಗಿಲ್ಲ, ಕೊಬ್ಬು ಮಾತ್ರ ಜಾಸ್ತಿ ಎಂದುಕೊಂಡಳು. 'ಪ್ರಯತ್ನ ಸಾಲದು, ಮರುಪರೀಕ್ಷೆ' ಎಂದು ಟೈಪು ಮಾಡಿದಳು. ಆ ದಿನದ ಮಟ್ಟಿಗೆ ಅದು ನಿಜವಾಗಿತ್ತು.

ಮುಂದಿನ ತಿಂಗಳು ಬಂದ. ಹೊಸ ಶರಟು, ಬಾಚಿದ ತಲೆ. ಶ್ವಾಸಕೋಶ ಪರೀಕ್ಷೆಗೆ ಯಾರೂ ಅಷ್ಟು ಅಲಂಕರಿಸಿಕೊಂಡು ಬಂದದ್ದನ್ನು ಅವಳು ಕಂಡಿರಲಿಲ್ಲ. ಮೂರು ಸಲ ಊದಿದ. ಮೂರು ಗೆರೆ, ಮೂರು ಜಾತಿ.

"ಇದು ಮೂರೂ ನಿಮ್ದೇನಾ? ಇಲ್ಲ ದಾರೀಲಿ ಹೋಗೋರ ಹತ್ರ ಒಂದೊಂದು ಇಸ್ಕೊಂಡ್ರಾ?"

"ಒಂದ್ ವಿಷಯ ಹೇಳಿ ಮೇಡಂ. ಪಾಸಾದ್ರೆ ಮತ್ತೆ ಯಾವಾಗ ಬರ್ಬೇಕು?"

"ಮುಂದಿನ ವರ್ಷ."

"ಫೇಲಾದ್ರೆ?"

"ಮುಂದಿನ ತಿಂಗಳು."

"ಮತ್ತೆ ಯಾವ ಹುಚ್ಚ ಪಾಸಾಗ್ತಾನೆ?"

ಅವನು ಪರದೆಯನ್ನು ನೋಡುತ್ತಿರಲಿಲ್ಲ. ಕ್ಲಿಪ್ಪು ಮೂಗಿನ ಮೇಲೇ ಇತ್ತು, ಆ ಅವತಾರದಲ್ಲೂ ಅವನ ಕಣ್ಣು ಅವಳ ಮೇಲೆ ನೆಟ್ಟಿತ್ತು. ಅವಳಿಗೆ ಕಿವಿ ಬಿಸಿಯಾಯಿತು. ಕ್ಲಿಪ್ಪನ್ನು ಕಿತ್ತಳು, ಸ್ವಲ್ಪ ಜೋರಾಗಿಯೇ ಕಿತ್ತಳು.

"ಹಾ! ಮೂಗು ಇರ್ಲಿ ಮೇಡಂ, ಬೇಕಾಗತ್ತೆ."

"ಹೊರಡಿ."

"ಎದುರುಗಡೆ ಟೀ ಚೆನ್ನಾಗಿರತ್ತಂತೆ."

"ನಂಗೆ ಗೊತ್ತು. ದಿನಾ ಕುಡೀತೀನಿ."

"ಎಷ್ಟೊತ್ತಿಗೆ?"

ಹೇಳಬಾರದಿತ್ತು. ಹೇಳಿದಳು.

*

ಟೀ ಅಂಗಡಿಯಲ್ಲಿ ಎರಡು ಸ್ಟೂಲು, ಒಂದು ಅಲ್ಲಾಡುವ ಟೇಬಲ್ಲು. ಅಲ್ಲಾಡುವ ಕಡೆ ಅವನು ಕೂರುತ್ತಿದ್ದ.

ಕಾರ್ಖಾನೆಯ ಎಂಜೈಮ್ ರೂಮಿನಲ್ಲಿ ಅವನ ಕೆಲಸ. ಜೊತೆಯವರು ಎಂಜೈಮಪ್ಪ ಎಂದು ಕರೆಯುತ್ತಿದ್ದರು. ಡ್ರಮ್ಮುಗಳಲ್ಲಿ ಬರುವ ಕಿಣ್ವದ ಪುಡಿಯನ್ನು ಮಿಕ್ಸರಿಗೆ ಸುರಿದು, ಹದ ನೋಡಿ, ಮೇಣದ ಕೋಟು ಕೊಟ್ಟು, ಸಾಸಿವೆಯಂಥ ಕಾಳು ಮಾಡಿ ಆಚೆ ಕಳಿಸಬೇಕು. ಹದ ತಪ್ಪಿದರೆ ಕಾಳು ಪುಡಿಯಾಗುತ್ತದೆ. ಅವನ ಪಾಳಿಯಲ್ಲಿ ತಪ್ಪುತ್ತಿರಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವನು ತಮಾಷೆ ಬಿಟ್ಟು ನೆಟ್ಟಗೆ ಕೂರುತ್ತಿದ್ದ.

"ಬಟ್ಟೆ ಮೇಲಿನ ಮೊಂಡು ಕಲೆ ಎಲ್ಲಾ ಪ್ರೋಟೀನು. ರಕ್ತ, ಮೊಟ್ಟೆ, ಹಾಲು, ಬೆವರು. ಬರೀ ಸೋಪಿಗೆ ಬಗ್ಗಲ್ಲ. ನಮ್ಮ ಕಿಣ್ವ ಹೋಗಿ ಚೂರುಚೂರಾಗಿ ಕತ್ತರಿಸತ್ತೆ. ಕಣ್ಣಿಗೆ ಕಾಣದ ಕತ್ತರಿ."

"ಗೊತ್ತು. ಹೊಟ್ಟೇಲಿ ಊಟ ಅರಗ್ಸೋದೂ ಅದೇ ಜಾತೀದು."

"ಅಂದ್ರೆ ನಿಮ್ಮದೂ ನಮ್ಮದೂ ಒಂದೇ ಡಿಪಾರ್ಟ್ಮೆಂಟು."

"ನಂದು ಎದೆ ಡಿಪಾರ್ಟ್ಮೆಂಟು. ಹೊಟ್ಟೆ ಪಕ್ಕದ ಬಿಲ್ಡಿಂಗು."

"ಎದೇನೇ ಸಾಕು," ಎಂದು ಅವನು ಟೀ ಲೋಟದೊಳಗೆ ಹೇಳಿದ. ಅವಳಿಗೆ ಕೇಳಿಸಿತು. ಕೇಳಿಸದವಳಂತೆ ರಸ್ತೆ ನೋಡಿದಳು.

ಅವಳ ಮನೆಯಲ್ಲಿ ಅಣ್ಣ, ಅತ್ತಿಗೆ. ಅಣ್ಣ ಲಿಫ್ಟು ರಿಪೇರಿಯವನು, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಅತ್ತಿಗೆಯೇ ಆಡುತ್ತಿದ್ದಳು.

"ಏನೇ ಊದಮ್ಮ, ಕನ್ನಡಿ ಮುಂದೆ ಇಷ್ಟೊತ್ತು? ಯಾವ ಗಾಳಿ ಬೀಸ್ತಾ ಇದೆ?"

"ಸುಮ್ನಿರಿ ಅತ್ತಿಗೆ. ಕಣ್ಣಲ್ಲಿ ಕಸ ಬಿದ್ದಿದೆ."

"ಕಸಕ್ಕೆ ಹೆಸರಿದೆಯಾ?"

ಹೆಸರು ಹೇಳಿದಾಗ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಎಂಜೈಮಪ್ಪ, ಊದಮ್ಮ! ಕರಿಯೋಕೆ ಬಾಯ್ತುಂಬ ಇದೆ."

ರೈಲು ಹಳಿಯ ಮೇಲಿನ ಕಾಲುಸೇತುವೆಯಲ್ಲಿ ಒಂದು ಸಂಜೆ 'ನೀವು' ಹೋಗಿ 'ನೀನು' ಬಂತು. ಕೆಳಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದರ ಸದ್ದಿನಲ್ಲಿ ಅವನು ಏನೋ ಹೇಳಿದ. "ಏನೋ ಅಂದೆ? ಕೇಳಿಸ್ಲಿಲ್ಲ," ಎಂದು ಅವಳು ಕೂಗಿದಳು. ಕೂಗಿದ ಮೇಲೆ ಇಬ್ಬರಿಗೂ ಅರಿವಾಯಿತು. ಅವನು ಹೇಳಿದ್ದನ್ನು ಮತ್ತೆ ಹೇಳಲಿಲ್ಲ. ಕೈಕಂಬಿಯ ಮೇಲಿದ್ದ ಅವಳ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಮುಟ್ಟಿ ಸುಮ್ಮನೆ ನಿಂತ. ಗಾಡಿ ಉದ್ದವಿತ್ತು, ಪುಣ್ಯಕ್ಕೆ.

ಪರೀಕ್ಷೆಯ ನಾಟಕ ಮಾತ್ರ ನಿಲ್ಲಲಿಲ್ಲ. ಟೀ ಅಂಗಡಿ ಇತ್ತು, ಕಾಲುಸೇತುವೆ ಇತ್ತು. ಆದರೂ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಅವಳು ಬೈದು ಅವನು ಬೈಸಿಕೊಳ್ಳುವ ಸುಖ ಬೇರೆ. ತಿಂಗಳಿಗೊಮ್ಮೆ, ಪಾಳಿ ಮುಗಿದ ಮೇಲೆ, ಆಸ್ಪತ್ರೆ ಮುಚ್ಚುವ ಮೊದಲು ಓಡೋಡಿ ಬರುತ್ತಿದ್ದ. ಊದುತ್ತಿದ್ದ. ಅವಳು ಪರದೆಯ ಕಡೆ ಅರೆಗಣ್ಣು ಹಾಯಿಸಿ 'ಪ್ರಯತ್ನ ಸಾಲದು' ಎಂದು ಬರೆಯುತ್ತಿದ್ದಳು. ಡಾಕ್ಟರಮ್ಮ ನಂಬಿಕೆಯ ಮೇಲೆ ಸಹಿ ಹಾಕುತ್ತಿದ್ದರು. ಕಾರ್ಖಾನೆಗೆ 'ಪರೀಕ್ಷೆ ಬಾಕಿ' ಎಂದು ಹೋಗುತ್ತಿತ್ತು. ಬಾಕಿ ಎಂದರೆ ಕಾರ್ಖಾನೆಗೂ ಸಂತೋಷವೇ, ಫಲಿತಾಂಶ ಬರುವ ತನಕ ಯಾರನ್ನೂ ಕೆಲಸದಿಂದ ಸರಿಸಬೇಕಿಲ್ಲ.

*

ಕೆಮ್ಮು ಶುರುವಾದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಹಗಲೆಲ್ಲ ಕೆಮ್ಮುಗಳ ನಡುವೆ ಕೂರುವವಳಿಗೆ ಒಂದು ಕೆಮ್ಮು ಕೇಳಿಸುವುದು ಕಷ್ಟ. ಸಂಜೆಯ ಹೊತ್ತು, ಟೀ ಗುಟುಕಿನ ನಡುವೆ, ಒಣ ಕೆಮ್ಮು.

"ನಾಟಕ ಸಾಕು. ಇಲ್ಲಿ ಕ್ಲಿಪ್ ಇಲ್ಲ," ಎನ್ನುತ್ತಿದ್ದಳು.

"ಅಭ್ಯಾಸ ಬಲ ಮೇಡಂ," ಎನ್ನುತ್ತಿದ್ದ.

ಕಾಲುಸೇತುವೆಯ ಮೆಟ್ಟಿಲಿನ ನಡುವೆ ನಿಂತುಬಿಡುತ್ತಿದ್ದ. ಕೈ ಇನ್ನಷ್ಟು ಹೊತ್ತು ಹಿಡಿದುಕೊಳ್ಳುವ ಉಪಾಯ ಎಂದುಕೊಂಡು ಅವಳೂ ಸಂತೋಷವಾಗಿ ನಿಲ್ಲುತ್ತಿದ್ದಳು.

ಆಮೇಲೆ ಯಂತ್ರಗಳನ್ನು ಬಿಚ್ಚಿ ಜೋಡಿಸಲು ಕಾರ್ಖಾನೆ ಒಂದು ವಾರ ಮುಚ್ಚಿತು. ಆ ವಾರವೆಲ್ಲ ಅವನು ಕೆಮ್ಮಲಿಲ್ಲ. ಸೇತುವೆಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಮೇಲೆ ನಿಂತು ಸಿಳ್ಳೆ ಹಾಕಿದ. ಅವಳು ಅದನ್ನು ಗಮನಿಸಲೂ ಇಲ್ಲ. ಒಳ್ಳೆಯದನ್ನು ಯಾರು ಗಮನಿಸುತ್ತಾರೆ?

ಕೆಲಸ ಮತ್ತೆ ಶುರುವಾದ ಎರಡನೇ ಸಂಜೆ ಟೀ ಅಂಗಡಿಯಲ್ಲಿ ಅವನು ಜೋಕು ಹೇಳುತ್ತಿದ್ದ. ಮಿಕ್ಸರಿನೊಳಗೆ ಚಪ್ಪಲಿ ಬೀಳಿಸಿದ ಮ್ಯಾನೇಜರನ ಕಥೆ. ಚಪ್ಪಲಿ ಬೀಳುವ ಜಾಗಕ್ಕೆ ಬಂದಾಗ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಟೇಬಲ್ಲನ್ನು ಎರಡೂ ಕೈಯಲ್ಲಿ ಊರಿ ಭುಜ ಎತ್ತಿ ಎತ್ತಿ ಉಸಿರೆಳೆದ. ಕೊನೆಗೆ ಕೈಯಾಡಿಸಿ "ಇರ್ಲಿ ಬಿಡು, ನಾಳೆ ಹೇಳ್ತೀನಿ," ಎಂದ.

ಅವಳ ಲೋಟ ತುಟಿಯ ಹತ್ತಿರವೇ ನಿಂತಿತು. ಅವನು ಊಟ ಬಿಟ್ಟಾನು, ಅರ್ಧ ಹೇಳಿದ ಜೋಕು ಬಿಡುವವನಲ್ಲ.

ಮರುದಿನ ಬೆಳಿಗ್ಗೆ ರೋಗಿಗಳು ಬರುವ ಮೊದಲೇ ಅವಳು ಅವನ ಹಳೇ ಗೆರೆಗಳನ್ನೆಲ್ಲ ಪರದೆಯ ಮೇಲೆ ತೆರೆದಳು. ಮೊದಲ ತಿಂಗಳುಗಳದ್ದು ಗುಡ್ಡ, ಒಂಟೆ, ಗುಬ್ಬಚ್ಚಿ. ನಾಟಕ. ನಗು ಬಂತು. ಕೊನೆಯ ಎರಡು ತಿಂಗಳದ್ದನ್ನು ತೆರೆದಾಗ ನಗು ನಿಂತಿತು. ಮೂರು ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಮೂರೂ ನಡುವೆ ಜೋತುಬಿದ್ದಿದ್ದವು. ಸುಳ್ಳು ಊದಬಹುದು, ಅದೇ ಸುಳ್ಳನ್ನು ಕೂದಲೆಳೆ ಆಚೀಚೆಯಾಗದಂತೆ ಮೂರು ಸಲ ಊದಲು ಯಾವ ಎದೆಗೂ ಆಗುವುದಿಲ್ಲ. ಅವನು ನಾಟಕವಾಡುತ್ತಿದ್ದೇನೆ ಎಂದುಕೊಂಡೇ ಊದಿದ್ದನೋ ಏನೋ. ಅವನ ಎದೆ ನಾಟಕ ಬಿಟ್ಟು ಎರಡು ತಿಂಗಳಾಗಿತ್ತು. ಕಾರ್ಖಾನೆ ಮುಚ್ಚಿದ್ದ ವಾರ ಅವನು ಒಮ್ಮೆಯೂ ಕೆಮ್ಮಿರಲಿಲ್ಲ ಎಂಬುದು ಈಗ ನೆನಪಾಯಿತು.

ಕೆಳಗೆ ಅವಳದೇ ಟೈಪು: ಪ್ರಯತ್ನ ಸಾಲದು.

*

"ಎಲ್ಲಿ ತಾಗ್ತು ನಿಂಗೆ ಪುಡಿ? ಸೂಟ್ ಇರತ್ತೆ, ಮಾಸ್ಕ್ ಇರತ್ತೆ, ಗಾಳಿ ಎಳ್ಕೊಳ್ಳೋ ಯಂತ್ರ ಇರತ್ತೆ ಅಂತಿದ್ದೆ?"

ಅವರು ಸೇತುವೆಯ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಿದ್ದರು. ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ.

ಅವನು ಹೇಳಲು ಹಿಂದೆಮುಂದೆ ನೋಡಿದ. "ಪಾಳಿ ಮುಗಿದ್ಮೇಲೆ ರೂಮ್ ಕ್ಲೀನ್ ಮಾಡ್ಬೇಕು. ವ್ಯಾಕ್ಯೂಮಲ್ಲಿ ಮಾಡಿದ್ರೆ ಮುಗಿಯೋದೇ ಇಲ್ಲ. ಅಷ್ಟರಲ್ಲಿ ನಿಮ್ಮ ಆಸ್ಪತ್ರೆ ಮುಚ್ಚಿರತ್ತೆ, ನಿನ್ನ ಟೀ ಹೊತ್ತೂ ಮೀರಿರತ್ತೆ. ಗಾಳಿ ಪೈಪ್ ಹಿಡಿದು ಹೊಡೆದ್ರೆ ಚಿಟಿಕೇಲಿ ಆಗತ್ತೆ."

"ಪೈಪಲ್ಲಿ ಹೊಡೆದ್ರೆ ಅಷ್ಟೂ ಪುಡಿ ಮೇಲೆ ಏಳಲ್ವೇನೋ!"

"ಏಳತ್ತೆ."

"ಮಾಸ್ಕ್?"

ಅವನು ನೆಲ ನೋಡಿದ. "ಮಾಸ್ಕಿನ ಕೆಂಪು ಬರೆ ಮುಖದ ಮೇಲೆ ಒಂದು ಗಂಟೆ ಹೋಗಲ್ಲ. ಕೋತಿ ಹಂಗೆ ಕಾಣ್ತೀನಿ. ಹಂಗೇ ನಿನ್ನ ಮುಂದೆ ಬರಕ್ಕೆ ನಾಚಿಕೆ. ಅದಕ್ಕೇ ಮೊದಲೇ ಬಿಚ್ಚಿಬಿಡ್ತಿದ್ದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಬಾರಿಸಿದ ಕೆನ್ನೆಯನ್ನೇ ಹಿಡಿದು ಅಳಬೇಕು ಎಂದೂ ಎನಿಸಿತು. ಎರಡೂ ಮಾಡಲಿಲ್ಲ.

"ಕೇಳು ಇಲ್ಲಿ. ಆ ಪುಡಿಗೆ ಅಂಗಿ ಯಾವುದು, ಎದೆ ಯಾವುದು ಗೊತ್ತಿಲ್ಲ. ಪ್ರೋಟೀನ್ ಕಂಡ್ರೆ ಕತ್ತರಿಸತ್ತೆ, ಅಷ್ಟೇ. ಶ್ವಾಸನಾಳದ ಒಳಗೋಡೇಲಿ ಜೀವಕೋಶಗಳು ಹೊಲಿದ ಹಂಗೆ ಅಂಟ್ಕೊಂಡಿರ್ತವೆ. ಆ ಹೊಲಿಗೆ ಬಿಚ್ಚತ್ತೆ."

"ಬಿಚ್ಚಿದ್ರೆ ಮತ್ತೆ ಕೂಡ್ಕೊಳ್ಳತ್ತೆ ಬಿಡು."

"ಅಷ್ಟೇ ಆಗಿದ್ರೆ ಕೂಡ್ಕೊಳ್ತಿತ್ತು. ಕಳ್ಳ ನುಗ್ಗಿದ ಅಂತ ಮೈಯ ಕಾವಲಿನೋರು ಎದ್ದು ಬರ್ತಾರೆ. ಒಂದ್ ಸಲ ಮುಖ ಗುರುತಿಟ್ಕೊಂಡ್ರೆ ಅಷ್ಟು ಸುಲಭವಾಗಿ ಮರೆಯಲ್ಲ. ಆಮೇಲೆ ಚಿಟಿಕೆ ಪುಡಿಗೂ ದಂಡೇ ಬರತ್ತೆ. ಅವರ ಕೈಲಿರೋದೂ ಅದೇ ಥರದ ಕತ್ತರಿ. ಪ್ರೋಟೀನ್ ಕತ್ತರಿಸೋ ಕಿಣ್ವ. ಕಳ್ಳನ ಮೇಲೆ ಬೀಸಿದ್ದು ಗೋಡೆಗೂ ತಾಗತ್ತೆ. ಊತ ಬರತ್ತೆ, ಕಫ ಬರತ್ತೆ, ನಾಳ ಬಿಗಿಯತ್ತೆ."

"ಬೇಲೀನೇ ಎದ್ದು ಹೊಲ ಮೇಯ್ತು ಅನ್ನು."

"ಹೂಂ. ಆ ಕತ್ತರಿಗಳಿಗೆ ಒರೆ ಹಾಕೋ ಪ್ರೋಟೀನೂ ಮೈಯಲ್ಲೇ ಇರತ್ತೆ. ದಿನಾ ದಂಡು ಬಂದ್ರೆ ಒರೆ ಎಲ್ಲಿ ಸಾಲತ್ತೆ? ಈಗಲೇ ಆ ರೂಮ್ ಬಿಟ್ರೆ ಎದೆ ಮೊದಲಿನ ಹಂಗೆ ಆಗ್ಬಹುದು. ಎಳೆದಷ್ಟೂ ಕಷ್ಟ. ನಾಳೆ ಡಾಕ್ಟರಮ್ಮಂಗೆ ಹೇಳ್ತೀನಿ."

ಅವನು ತಟ್ಟನೆ ಅವಳ ಕಡೆ ತಿರುಗಿದ. "ಬೇಡ. ಒಂದ್ ತಿಂಗಳು ತಡಿ. ಸೂಪರ್‌ವೈಸರ್ ಆರ್ಡರ್ ಬರ್ತಾ ಇದೆ, ನನ್ನ ಹೆಸರೇ ಇದೆ. ಅದು ಕೈಗೆ ಬಂದ ದಿನ ನಿಮ್ಮಣ್ಣನ ಮುಂದೆ ಬಂದು ನಿಲ್ಬೇಕು ಅಂತಿದ್ದೆ. ಈಗ ರಿಪೋರ್ಟ್ ಹೋದ್ರೆ ರೂಮಿಗೇ ಸೇರಿಸಲ್ಲ. ಬರಿಗೈಲಿ ಏನಂತ ಬರ್ಲಿ?"

"ಬರಿಗೈಲೇ ಬಾ."

"ಹೇಳೋದು ಸುಲಭ. ಇಷ್ಟು ತಿಂಗಳು ಸುಳ್ಳು ಬರೆದೆಯಲ್ಲ, ಇನ್ನೊಂದು ತಿಂಗಳು ಬರಿ."

ಆ ಮಾತು ನಾಟಿತು. ಅವನಿಗೂ ಗೊತ್ತಾಯಿತು, ಆದರೆ ಆಡಿದ ಮಾತು, ಒಡೆದ ಮುತ್ತು.

"ಬರೆಯಲ್ಲ," ಎಂದು ಎದ್ದಳು.

"ಹೋಗು. ನಿನ್ನ ಮಿಷಿನ್‌ಗೆ ನಾನೂ ಒಂದು ಕೇಸು."

ಅವಳು ತಿರುಗಿ ನೋಡದೆ ಹೋದಳು. ಬೆನ್ನ ಹಿಂದೆ ಅವನ ಕೆಮ್ಮು ಬಹಳ ದೂರದ ತನಕ ಕೇಳಿಸಿತು.

*

ಡಾಕ್ಟರಮ್ಮ ಕನ್ನಡಕ ತೆಗೆದು ಗೆರೆಗಳನ್ನು ನೋಡಿದರು, ಹಾಕಿಕೊಂಡು ನೋಡಿದರು. ಅವಳು ಒಂದೂ ಬಿಡದೆ ಹೇಳಿದ್ದಳು: ಮೊದಲು ಸರಿಯಾಗಿ ಬರೆದದ್ದು, ಆಮೇಲೆ ನೋಡದೆ ಬರೆದದ್ದು, ಯಾಕೆ ನೋಡಲಿಲ್ಲ ಎಂಬುದು.

"ಅವನು ಸರಿಯಾಗಿ ಊದ್ಲಿಲ್ಲ ಅಂತ ನೀನು ಬರೆದೆ," ಎಂದರು ಡಾಕ್ಟರಮ್ಮ. "ನೀನು ಸರಿಯಾಗಿ ನೋಡ್ಲಿಲ್ಲ ಅಂತ ಯಾರಮ್ಮ ಬರೀಬೇಕಿತ್ತು?"

"ನಾನೇ ಮೇಡಂ."

"ನಾನೂ ಕಣ್ಮುಚ್ಚಿ ಸಹಿ ಹಾಕಿದೀನಿ. ಅದು ನನ್ನ ಪಾಲು. ಈ ಗೆರೆ ಕಳಿಸಿದ್ರೆ ಕಾರ್ಖಾನೆಯೋರು ನಿನ್ನ ಟೈಪನ್ನೇ ನಮ್ಮ ಮುಖಕ್ಕೆ ಹಿಡೀತಾರೆ. ಹೊಸದಾಗಿ ಪರೀಕ್ಷೆ ಆಗ್ಬೇಕು. ಬೇರೆಯೋರು ಮಾಡ್ತಾರೆ. ನೀನು ಆ ಕೋಣೆ ಒಳಗೆ ಕಾಲಿಡಬಾರದು."

"ಅವನು ಬಂದು ಮತ್ತೆ ನಾಟಕ ಆಡಿದ್ರೆ?"

"ಆಡಿದ್ರೆ ನೀನು ಬರೆದಿದ್ದೇ ಸರಿ ಅಂತಾಗತ್ತೆ. ಪರೀಕ್ಷೆ ಮತ್ತೆ ಬಾಕಿ. ನಿನ್ನ ಕೆಲಸ ಉಳಿಯತ್ತೆ," ಎಂದು ಡಾಕ್ಟರಮ್ಮ ಅವಳನ್ನು ನೆಟ್ಟಗೆ ನೋಡಿದರು. "ಅವನ ಎದೆ ಹೋಗತ್ತೆ. ಬಾಯಿಗೆ ಕೊಳವೆ ಕೊಡಬಹುದು ಕಣೇ. ಊದೋದು ಅವನೇ."

ಕಾರ್ಖಾನೆಯ ಕಡೆಯಿಂದ ಕರೆ ಹೋಗಿ ಅವನು ಬಂದ. ಪಾಳಿ ಮುಗಿಸಿ ನೇರ ಬಂದಿದ್ದ. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಅವಳನ್ನು ನೋಡಿ, ನೋಡದವನಂತೆ ಒಳಗೆ ಹೋದ. ಅವನ ಮೂಗಿನ ಮೇಲೆ, ಎರಡು ಕೆನ್ನೆಗಳ ಮೇಲೆ ಮಾಸ್ಕಿನ ಕೆಂಪು ಬರೆಗಳಿದ್ದವು. ಅವಳು ಅದನ್ನು ಮೊದಲ ಸಲ ನೋಡಿದಳು. ಕೋತಿಯಂತೇನೂ ಕಾಣುತ್ತಿರಲಿಲ್ಲ. ದಿನವಿಡೀ ದುಡಿದವನ ಮುಖ, ಅಷ್ಟೆ.

ಬದಲಿಗೆ ಬಂದ ಟೆಕ್ನಿಷಿಯನ್ ವಯಸ್ಸಾದವರು, ಮೆದು ದನಿ. "ಊದಿ ಸರ್. ಆದಷ್ಟು ಊದಿ. ಪರವಾಗಿಲ್ಲ ಸರ್." ಹೊರಗೆ ಕೂತವಳಿಗೆ ಮೈಯೆಲ್ಲ ಉರಿಯಿತು. ಹೀಗೆ ಕೇಳಿದರೆ ಯಾರು ಊದುತ್ತಾರೆ?

ಒಳಗಿನಿಂದ ಫುಸ್ ಎಂಬ ಸದ್ದು ಬಂತು. ಅರ್ಧಕ್ಕೇ ನಿಂತಿತು. ಕಣ್ಣು ಮುಚ್ಚಿಕೊಂಡೇ ಅವಳಿಗೆ ಗೆರೆ ಕಂಡಿತು: ಗುಬ್ಬಚ್ಚಿ.

"ಇನ್ನೊಂದ್ ಸಲ ಸರ್."

"ನೀರು ಕುಡಿದು ಬರ್ತೀನಿ," ಎಂದು ಅವನು ಹೊರಗೆ ಬಂದ. ನೀರಿನ ಕ್ಯಾನು ಅವಳ ಬೆಂಚಿನ ಪಕ್ಕದಲ್ಲೇ ಇತ್ತು. ಲೋಟ ಹಿಡಿದು ನಲ್ಲಿ ತಿರುಗಿಸಿದ.

"ಬೇಕಂತಲೇ ಊದ್ತಿದೀಯ ಹಂಗೆ," ಎಂದಳು.

"ಹೂಂ."

"ಆರ್ಡರಿಗೋಸ್ಕರ."

"ಆರ್ಡರ್ ಹಾಳಾಗ್ಲಿ. ನಿಮ್ಮ ಕೆಳಗಿನ ಔಷಧದಂಗಡಿಯೋನು ಹೇಳ್ದ. ನಾನು ಸರಿಯಾಗಿ ಊದಿದ್ರೆ ನೀನು ಬರೆದಿದ್ದೆಲ್ಲ ಸುಳ್ಳು ಅಂತಾಗತ್ತಂತೆ. ನಿನ್ನ ಕೆಲಸಕ್ಕೆ ಕುತ್ತಂತೆ." ಅವನು ಲೋಟವನ್ನು ನೋಡುತ್ತಾ ಹೇಳಿದ. "ಅವತ್ತು ಏನೇನೋ ಅಂದೆ. ಅದನ್ನ ವಾಪಸ್ ತಗೊಳಕ್ಕಾಗಲ್ಲ. ಇದೊಂದು ಮಾಡ್ಬಹುದು."

ಅವಳಿಗೆ ಎದೆಯ ತಳದಿಂದ ಸಿಟ್ಟು ಬಂತು.

"ನನ್ನ ಕೆಲಸ ಉಳಿಸಕ್ಕೆ ನಿನ್ನ ಎದೆ ಸುಡ್ತೀಯಾ? ಯಾರಿಗೆ ಬೇಕೋ ಈ ದಾನ? ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ. ಕೂಗೋದಕ್ಕೆ ಎಲ್ಲಾ ಕಡೆ ಕೆಲಸ ಇದೆ. ನೀನು ಹೋದ್ರೆ ಎಲ್ಲಿ ಹುಡುಕ್ಲಿ?"

"ಅಷ್ಟು ಬೇಗ ಎಲ್ಲಿಗೂ ಹೋಗಲ್ಲ ಕಣೇ..."

"ಬಾಯ್ಮುಚ್ಚು. ಮುದುಕಿ ಆಗೋ ತನಕ ನಿನ್ನ ದರಿದ್ರ ಜೋಕುಗಳನ್ನ ಕೊನೇ ತನಕ ಕೇಳ್ಬೇಕು ಅಂತ ನಾನಿದ್ರೆ, ಅರ್ಧಕ್ಕೇ ಕೆಮ್ಮಿ ಕೈಯಾಡಿಸ್ತಾನೆ ಇವನು! ನಂಗೆ ಪೂರ್ತಿ ಬೇಕು. ಜೋಕೂ ಪೂರ್ತಿ, ಉಸಿರೂ ಪೂರ್ತಿ, ನೀನೂ ಪೂರ್ತಿ. ಹೋಗು ಒಳಗೆ."

ಬೆಂಚುಗಳ ಮೇಲೆ ಕೂತಿದ್ದ ರೋಗಿಗಳು ತಮ್ಮ ತಮ್ಮ ಕೆಮ್ಮನ್ನು ತಡೆದು ಹಿಡಿದುಕೊಂಡಿದ್ದರು. ಅವನು ಲೋಟ ಇಟ್ಟ. ಬರೆ ಬಿದ್ದ ಮುಖದಲ್ಲಿ ಒಂದು ನಗು ತಂದುಕೊಂಡು ಒಳಗೆ ಹೋದ.

"ಊದಿ ಸರ್. ಆದಷ್ಟು..."

ಅವಳು ಒಳಗೆ ಕಾಲಿಡಬಾರದು ಎಂದಿದ್ದರು ಡಾಕ್ಟರಮ್ಮ. ಕೂಗಬಾರದು ಎಂದಿರಲಿಲ್ಲ.

"ಊದೋ! ಊದು ಊದು ಊದು ಊದು! ನಿಲ್ಲಿಸ್ಬೇಡ! ಇನ್ನೂ ಇದೆ ಒಳಗೆ, ನಂಗೊತ್ತು, ಊದು!"

ಊದಿದ. ಉದ್ದಕ್ಕೆ, ಸೀಟಿಯಂಥ ಸಣ್ಣ ಸದ್ದಿನೊಂದಿಗೆ, ಕೊನೆಯ ಹನಿ ಗಾಳಿಯ ತನಕ. ಮತ್ತೊಮ್ಮೆ. ಮತ್ತೂ ಒಮ್ಮೆ. ನಡುವೆ ಕೆಮ್ಮು ಬಂದಾಗ ಕಾದು, ಸುಧಾರಿಸಿಕೊಂಡು ಊದಿದ. ವಯಸ್ಸಾದ ಟೆಕ್ನಿಷಿಯನ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಸಾಕಮ್ಮ, ಮೂರೂ ಕೂತ್ಕೊಂಡ್ವು," ಎಂದರು.

ಅವಳು ಬೆಂಚಿನ ಮೇಲೆ ಕುಸಿದಳು. ಮೂರೂ ಜೋತುಬಿದ್ದಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಅವನು ಹೊರಗೆ ಬಂದು ಪಕ್ಕದಲ್ಲಿ ಕೂತ. ಏದುಸಿರು ಇನ್ನೂ ಇಳಿದಿರಲಿಲ್ಲ.

"ಇನ್ಮೇಲೆ ನನ್ನ ಕರೆಸಕ್ಕೆ ನಿನ್ನ ಹತ್ರ ನೆಪ ಇಲ್ಲ," ಎಂದ.

"ನೆಪ ಇಲ್ದೇ ಬಾ."

*

ವರದಿ ಹೋಯಿತು. ಚರ್ಮದ ಮೇಲೆ ಚುಚ್ಚಿ ನೋಡಿದಾಗಲೂ ಕಿಣ್ವದ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಎಂಜೈಮ್ ರೂಮಿನ ಬಾಗಿಲು ಅವನಿಗೆ ಮುಚ್ಚಿತು. ಸೂಪರ್‌ವೈಸರ್ ಕುರ್ಚಿಯಲ್ಲಿ ಇನ್ಯಾರೋ ಕೂತರು. ಅವನನ್ನು ಪುಡಿಯ ವಾಸನೆಯೂ ಬಾರದ ಲಾರಿ ಯಾರ್ಡಿಗೆ ಹಾಕಿದರು. ಗಾಳಿ ಪೈಪಿಗೆ ಬೀಗ ಬಿತ್ತು. ಅವಳಿಗೆ ಆಸ್ಪತ್ರೆಯಿಂದ ಮೆಮೊ ಬಂತು, ಕಾರ್ಖಾನೆಯ ಪರೀಕ್ಷೆಗಳು ಬೇರೆಯವರ ಕೈಗೆ ಹೋದವು. ಡಾಕ್ಟರಮ್ಮ ಈಗ ಪ್ರತಿ ಗೆರೆಯನ್ನೂ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಎಲ್ಲ ಸುಖಾಂತವಾಯಿತು ಎಂದು ಹೇಳಲಾಗದು. ಅವನು ಬೆಳಿಗ್ಗೆ ಸಂಜೆ ಔಷಧ ಸೇದುತ್ತಿದ್ದ. ಕೆಮ್ಮು ಕಮ್ಮಿಯಾಗಿತ್ತು, ಹೋಗಿರಲಿಲ್ಲ.

ಒಂದು ಭಾನುವಾರ ಅವನು ಅವಳ ಮನೆಗೆ ಬಂದ. ಅಣ್ಣ ಪೇಪರು ಮಡಚಿಟ್ಟ. ಅದೇ ದೊಡ್ಡ ಸ್ವಾಗತ.

"ಕೆಲಸ?" ಎಂದ ಅಣ್ಣ.

"ಲಾರಿ ಯಾರ್ಡಲ್ಲಿ."

"ಎಂಜೈಮ್ ರೂಮ್ ಅಂತ ಕೇಳಿದ್ದೆ."

"ಅಲ್ಲಿಂದ ತೆಗೆದ್ರು. ಎದೆ ಸರಿ ಇಲ್ಲ ಅಂತ ರಿಪೋರ್ಟ್ ಹೋಯ್ತು."

"ಯಾರು ಕಳಿಸಿದ್ದು?"

"ನಿಮ್ಮ ತಂಗಿ."

ಅಡುಗೆಮನೆಯಲ್ಲಿ ಸೌಟು ಬಿತ್ತು. ಬಾಗಿಲಿನ ಹಿಂದೆ ನಿಂತಿದ್ದ ಅವಳು ಕಣ್ಣು ಮುಚ್ಚಿಕೊಂಡಳು. ಅಣ್ಣ ಕೆಟ್ಟುನಿಂತ ಲಿಫ್ಟನ್ನು ನೋಡುವಂತೆ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಅಂಥೋಳನ್ನ ಮದುವೆ ಆಗ್ತೀರಾ?"

"ಅಂಥೋಳು ಅಂತಾನೇ ಅಣ್ಣ. ಮೊದಲು ನಿಮ್ಮನ್ನ ಕೇಳೋಣ ಅಂತ ಬಂದೆ. ಕೈಲಿ ಹೇಳ್ಕೊಳ್ಳೋಂಥದ್ದು ಏನಿಲ್ಲ."

"ನಮ್ಮನ್ನೇನು ಕೇಳ್ತೀಯಪ್ಪಾ?" ಅತ್ತಿಗೆ ಸೌಟು ಹಿಡಿದೇ ಹೊರಗೆ ಬಂದಳು. "ಅವಳನ್ನ ಕೇಳು. ಅಲ್ಲೇ ಬಾಗಿಲ ಹಿಂದೆ ಹಲ್ಲಿ ಹಂಗೆ ಅಂಟ್ಕೊಂಡಿದಾಳೆ."

ಅವನು ಎದ್ದು ಬಾಗಿಲ ಹತ್ತಿರ ಬಂದ. ಅವಳು ಈಚೆ ಬಂದಳು. ಅವನು ಕೇಳಿದ, ತಮಾಷೆ ಏನೂ ಸೇರಿಸದೆ, ನಾಲ್ಕೇ ಮಾತಿನಲ್ಲಿ. ಇಡೀ ಬೀದಿಗೆ ಕೇಳುವಂತೆ ಕೂಗುವ ಹುಡುಗಿ, ಗಂಟಲಿನಿಂದ ಆಚೆಗೂ ಬಾರದಂತೆ ಒಂದು ಮಾತು ಹೇಳಿದಳು. ಅವನ ಮುಖ ಅರಳಿತು.

"ಏನಂದ್ಲು?" ಎಂದು ಅಣ್ಣ ಕುರ್ಚಿಯಿಂದ ಬಗ್ಗಿ ಕೇಳಿದ. "ನಂಗೆ ಕೇಳಿಸ್ಲಿಲ್ಲ."

"ನಿಮಗಲ್ಲ ಹೇಳಿದ್ದು, ಸುಮ್ನಿರಿ," ಎಂದು ಅತ್ತಿಗೆ ಇನ್ನೊಂದು ತಟ್ಟೆ ತರಲು ಒಳಗೆ ಹೋದಳು.